ಹಳೆಯ ಸಣ್ಣ ಕಾರು: ಬಿಸಿ, ನೀರು, ಪೆಟ್ಟಿನ ಗುರುತುಗಳು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಓಡಿದೆ, ಎಷ್ಟನೇ ಓನರ್, ಯಾವ ವರ್ಷದ್ದು ಎಂದು. ಮಾರುವವರ ಜಾಹೀರಾತೂ ಈ ಪ್ರಶ್ನೆಗಳಿಗೆಂದೇ ಸಿದ್ಧವಾಗಿರುತ್ತದೆ: ‘ಸಿಂಗಲ್ ಓನರ್, ಕಡಿಮೆ ಓಡಿದೆ, ಶೋರೂಂ ಕಂಡೀಷನ್’. ವರ್ಷ ಮತ್ತು ಓನರ್ ಸಂಖ್ಯೆ ಆರ್‌ಸಿಯಲ್ಲೇ ಇರುತ್ತವೆ, ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಕಿಲೋಮೀಟರ್ ಲೆಕ್ಕ ಮಾತ್ರ ಹಾಗಲ್ಲ. ಮೀಟರ್ ಡಿಜಿಟಲ್ ಆದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಲು ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ, ಚಿಪ್‌ನೊಳಗಿನ ಅಂಕಿ ಬದಲಿಸಿದರೆ ಮುಗಿಯಿತು. ಆದರೆ ಈ ಮೂರೂ ಉತ್ತರಗಳು ನಿಜವೇ ಆಗಿದ್ದರೂ ಕಾರು ಏನೇನು ಅನುಭವಿಸಿದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಹಳೆಯ ಕಾರಿನ ದೋಷಗಳಲ್ಲಿ ಎರಡು ಜಾತಿಗಳಿವೆ. ಬಿಡಿಭಾಗ ಬದಲಿಸಿದರೆ ಮುಗಿಯುವಂಥವು ಒಂದು ಜಾತಿ. ಎಷ್ಟು ಖರ್ಚು ಮಾಡಿದರೂ ಕಾರು ಮೊದಲಿನ ಸ್ಥಿತಿಗೆ ಬಾರದಂಥವು ಇನ್ನೊಂದು. ಮೊದಲನೆಯದು ಕಂಡರೆ ಬೆಲೆ ಇಳಿಸಿ ಕೇಳಬೇಕು, ಎರಡನೆಯದು ಕಂಡರೆ ಆ ಕಾರನ್ನೇ ಬಿಟ್ಟು ಬರಬೇಕು. ಎರಡನೆಯ ಜಾತಿಯವೆಲ್ಲ ಹೆಚ್ಚೂಕಡಿಮೆ ಮೂರೇ ಮೂಲಗಳಿಂದ ಬರುತ್ತವೆ: ಮಿತಿಮೀರಿದ ಬಿಸಿ, ಒಳನುಗ್ಗಿದ ನೀರು, ಬಲವಾದ ಪೆಟ್ಟು. ಕೊಳ್ಳುವ ಮುಂಚಿನ ತಪಾಸಣೆಯ ಬಹುಪಾಲು ಸಮಯ ಈ ಮೂರಕ್ಕೇ ಮೀಸಲಾಗಬೇಕು ಎಂಬುದು ಈ ಲೇಖನದ ವಾದ.

ಸಣ್ಣ ಕಾರಿನ ವಿಷಯದಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಎಂಟು ಲಕ್ಷದ ಹಳೆಯ ಕಾರಿಗೆ ಎಂಜಿನ್ ಕೆಲಸ ಬಂದರೆ ಅದು ಬೆಲೆಯ ಒಂದು ಸಣ್ಣ ಪಾಲು. ಎರಡು ಲಕ್ಷಕ್ಕೆ ಕೊಂಡ ಆಲ್ಟೊಗೋ ವ್ಯಾಗನ್‌ಆರ್‌ಗೋ ಸ್ಯಾಂಟ್ರೊಗೋ ಅದೇ ಕೆಲಸ ಬಂದರೆ ಕೊಂಡ ಲೆಕ್ಕವೇ ತಲೆಕೆಳಗಾಗುತ್ತದೆ. ಜೊತೆಗೆ ಈ ಎಂಜಿನ್‌ಗಳು ಹಗುರ, ಅವುಗಳ ಆಯಿಲ್ ಪ್ರಮಾಣ ಸುಮಾರು ಮೂರು ಲೀಟರ್, ಕೂಲೆಂಟ್ ಪ್ರಮಾಣವೂ ಅಷ್ಟಕ್ಕಷ್ಟೆ. ದೊಡ್ಡ ಡೀಸೆಲ್ ಗಾಡಿಯಲ್ಲಿ ಒಂದು ಲೀಟರ್ ಆಯಿಲ್ ಕಡಿಮೆಯಾದರೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ, ಇಲ್ಲಿ ಒಂದು ಲೀಟರ್ ಹೋದರೆ ಮೂರರಲ್ಲಿ ಒಂದು ಪಾಲೇ ಹೋದಂತೆ. ಅಲಕ್ಷ್ಯವನ್ನು ಸಣ್ಣ ಎಂಜಿನ್ ಬಹಳ ದಿನ ಸಹಿಸುವುದಿಲ್ಲ. ಇಂಥ ಕಾರುಗಳನ್ನು ಕೊಳ್ಳುವವರೂ ಹೆಚ್ಚಾಗಿ ಮೊದಲ ಬಾರಿ ಕಾರಿನ ಮನೆಯವರಾಗುತ್ತಿರುವವರು, ಸಾಲ ಮಾಡಿಯೋ ಚೀಟಿ ಎತ್ತಿಯೋ ದುಡ್ಡು ಹೊಂದಿಸಿದವರು. ಅವರ ಕೈಗೆ ಕೆಟ್ಟ ಕಾರು ಹೋಗಬಾರದು.

ಬಿಸಿಯಿಂದಲೇ ಶುರು ಮಾಡೋಣ, ಏಕೆಂದರೆ ಸಣ್ಣ ಕಾರುಗಳ ಎಂಜಿನ್ ಕೆಡುವ ದೊಡ್ಡ ದಾರಿ ಅದೇ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಕೂಲೆಂಟ್ ಸೋರಿಯೋ ಫ್ಯಾನ್ ಕೆಟ್ಟೋ ಎಂಜಿನ್ ಮಿತಿಮೀರಿ ಕಾದರೆ ಹೆಡ್ ಬಾಗುತ್ತದೆ, ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಸುಡುತ್ತದೆ. ಆಗ ಕೂಲೆಂಟ್ ಆಯಿಲ್‌ಗೆ ಸೇರಬಹುದು, ದಹನದ ಗ್ಯಾಸ್ ಕೂಲೆಂಟ್‌ಗೆ ನುಗ್ಗಬಹುದು. ಲೇತ್‌ನಲ್ಲಿ ಹೆಡ್ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರೆ ಕಾರು ಮತ್ತೆ ಓಡುತ್ತದೆ ನಿಜ. ಆದರೆ ಆ ಬಿಸಿಗೆ ಪಿಸ್ಟನ್ ರಿಂಗ್‌ಗಳು, ವಾಲ್ವ್ ಸೀಲ್‌ಗಳು, ಬೇರಿಂಗ್‌ಗಳು ಎಷ್ಟು ಸವೆದವು ಎಂಬುದು ಹೊರಗೆ ಕಾಣುವುದಿಲ್ಲ, ಆರು ತಿಂಗಳ ನಂತರ ಹೊಸ ಓನರ್‌ನ ಖರ್ಚಿನಲ್ಲಿ ಕಾಣುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಹಳೆಯ ಕಾರುಗಳಲ್ಲಿ ಟೆಂಪರೇಚರ್ ಮುಳ್ಳು ಇರುತ್ತಿತ್ತು, ಏರುತ್ತಿರುವುದು ಮೊದಲೇ ಗೊತ್ತಾಗುತ್ತಿತ್ತು. ಇತ್ತೀಚಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳಿಲ್ಲ, ಮಿತಿ ಮೀರಿದ ಮೇಲೆ ಉರಿಯುವ ಕೆಂಪು ದೀಪ ಮಾತ್ರ ಇದೆ. ಅದು ಉರಿದಾಗ ಟ್ರಾಫಿಕ್ ನಡುವೆ ನಿಂತ ಚಾಲಕ ‘ಮನೆ ಮುಟ್ಟಿದರೆ ಸಾಕು’ ಎಂದು ಇನ್ನೆರಡು ಕಿಲೋಮೀಟರ್ ಓಡಿಸಿರುತ್ತಾನೆ. ಹೆಡ್ ಬಾಗಲು ಅಷ್ಟು ಸಾಕು.

ಇದರ ಗುರುತು ಹುಡುಕಲು ಒಂದು ಷರತ್ತಿದೆ: ಎಂಜಿನ್ ತಣ್ಣಗಿರಬೇಕು. ಕಾರು ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆ ಯಾರೋ ಓಡಿಸಿದ್ದಾರೆ ಎಂದರ್ಥ. ಕಾರಣ ಸಹಜವೇ ಇರಬಹುದು, ಆದರೂ ಮರುದಿನ ಬೆಳಿಗ್ಗೆ ಬರುತ್ತೇನೆ ಎನ್ನಿ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಮಾತ್ರ ರೇಡಿಯೇಟರ್ ಕ್ಯಾಪ್ ತೆರೆದು ನೋಡಬಹುದು, ಬಿಸಿಯಿದ್ದಾಗ ತೆರೆದರೆ ಕೈ ಮುಖ ಸುಟ್ಟುಹೋಗುತ್ತದೆ. ಒಳಗಿರುವುದು ಹಸಿರೋ ನೀಲಿಯೋ ಕೆಂಪೋ ಆದ ತಿಳಿ ಕೂಲೆಂಟ್ ಆಗಿರಬೇಕು. ತುಕ್ಕಿನ ಬಣ್ಣದ ನೀರಿದ್ದರೆ ಬೋರ್‌ವೆಲ್ ನೀರು ಸುರಿದು ಓಡಿಸಿದ್ದಾರೆ. ಅದರ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರಗಟ್ಟಿ ಬಿಸಿ ಹೊರಹೋಗದಂತೆ ತಡೆಯುತ್ತದೆ. ಮೇಲೆ ಎಣ್ಣೆ ತೇಲುತ್ತಿದ್ದರೆ, ಸ್ಟಾರ್ಟ್ ಮಾಡಿದ ಮೇಲೂ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಫಿಲ್ಲರ್ ಕ್ಯಾಪಿನ ಒಳಬದಿಯನ್ನೂ ನೋಡಬೇಕು. ಅಲ್ಲಿ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡಿದ್ದರೆ ಆಯಿಲ್‌ಗೆ ನೀರು ಸೇರಿದೆ. ಮಳೆಗಾಲದಲ್ಲಿ ದಿನಕ್ಕೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲೂ ಕ್ಯಾಪಿಗೆ ತುಸು ಬಿಳಿ ಪಸೆ ಕಟ್ಟುವುದುಂಟು, ಆದ್ದರಿಂದ ಡಿಪ್‌ಸ್ಟಿಕ್ ಎಳೆದು ಅಲ್ಲೂ ಅದೇ ಬಣ್ಣವಿದೆಯೇ ಎಂದು ಹೋಲಿಸಿ ನೋಡುವುದು ನ್ಯಾಯ. ಉಳಿದೆಲ್ಲ ಹಳೆಯದಾಗಿರುವ ಕಾರಿನಲ್ಲಿ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಸಂತೋಷಪಡುವ ಬದಲು ಯಾಕೆ ಬದಲಿಸಿದಿರಿ ಎಂದು ಕೇಳಬೇಕು.

ತಣ್ಣಗಿನ ಎಂಜಿನ್ನಿನ ಸೆಲ್ಫ್ ಹೊಡೆಯುವಾಗ ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಬೇಕು. ಬೆಳಗಿನ ಚಳಿಯಲ್ಲಿ ಒಂದೆರಡು ನಿಮಿಷ ಬರುವ ತೆಳು ಬಿಳಿ ಹಬೆಗೆ ಹೆದರಬೇಕಿಲ್ಲ. ಎಂಜಿನ್ ಪೂರ್ತಿ ಕಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಉರಿಯುತ್ತಿದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಸ್ಟಾರ್ಟ್ ಮಾಡಿದ ಕ್ಷಣ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ಊಹಿಸಬಹುದು. ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಷನ್’ ಎನ್ನುವುದು ಈ ಎರಡನೆಯದನ್ನೇ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ಸಡಿಲಿಸಿದರೆ ಒಳಗಿನಿಂದ ಬುಸುಬುಸು ಹೊಗೆ ತಳ್ಳುತ್ತದೆ. ಇಂಥ ಎಂಜಿನ್ ಉರಿಸಿದ ಆಯಿಲ್ ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುವುದರಿಂದ ಖರ್ಚು ಎಂಜಿನ್‌ಗೇ ನಿಲ್ಲುವುದಿಲ್ಲ. ಕಾದ ಮೇಲೆ ಎಸಿ ಹಾಕಿ ಹತ್ತು ಹದಿನೈದು ನಿಮಿಷ ನಿಂತಲ್ಲೇ ಓಡಲು ಬಿಟ್ಟರೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲುವುದನ್ನು ನೋಡಬಹುದು. ಬೆಂಗಳೂರಿನ ಟ್ರಾಫಿಕ್ಕನ್ನು ಈ ಕಾರು ತಡೆದೀತೇ ಎಂಬುದಕ್ಕೆ ಇದಕ್ಕಿಂತ ನೇರ ಪರೀಕ್ಷೆಯಿಲ್ಲ.

ನೀರಿನ ಕತೆ ಬೇರೆ. 2018ರಲ್ಲಿ ಕೊಡಗು ಮತ್ತು ಕೇರಳ, 2019ರ ಆಗಸ್ಟ್‌ನಲ್ಲಿ ಬೆಳಗಾವಿ ಸೀಮೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳು ಮುಳುಗಿದಾಗ ಬೇಸ್‌ಮೆಂಟ್‌ಗಳಲ್ಲಿ ನಿಂತಿದ್ದ ಕಾರುಗಳೂ ಮುಳುಗಿದವು. ಕಾಂಪ್ರೆಹೆನ್ಸಿವ್ ವಿಮಾ ಪಾಲಿಸಿ ಪ್ರವಾಹದ ನಷ್ಟ ಕೊಡುತ್ತದೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಸಿಲಿಂಡರಿಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಾಗಿದರೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ಇಲ್ಲದವರಿಗೆ ಆ ಎಂಜಿನ್ನಿನ ದುಡ್ಡು ಸಾಮಾನ್ಯವಾಗಿ ಸಿಗುವುದಿಲ್ಲ. ಹೀಗೆ ಕೈಸುಟ್ಟುಕೊಂಡವರು ಹೇಗೋ ಓಡುವಂತೆ ಮಾಡಿ ಮಾರಿಬಿಡುವುದು ಸಹಜ. ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ 75 ದಾಟಿ ‘ಟೋಟಲ್ ಲಾಸ್’ ಎಂದು ಘೋಷಣೆಯಾದ ಕಾರುಗಳೂ ಹರಾಜಿನಲ್ಲಿ ಹೋಗಿ, ತೊಳೆದು ಒರೆಸಿಕೊಂಡು, ಇನ್ನೊಂದು ಜಿಲ್ಲೆಯ ಮಾರುಕಟ್ಟೆಗೆ ಬರುವ ದಾರಿಯಿದೆ. ಮುಳುಗಿದ ಕಾರಿನ ನಿಜವಾದ ಕೇಡು ವೈರಿಂಗ್‌ನಲ್ಲಿರುತ್ತದೆ. ಕನೆಕ್ಟರ್‌ಗಳೊಳಗೆ ಹಸಿರು ಕಿಲುಬು ನಿಧಾನವಾಗಿ ಹಿಡಿಯುತ್ತದೆ. ಇವತ್ತು ಪವರ್ ವಿಂಡೊ ನಿಂತರೆ ಮುಂದಿನ ತಿಂಗಳು ಸ್ಟೀರಿಂಗ್ ಮೋಟಾರ್, ಅದರಾಚೆ ಏರ್‌ಬ್ಯಾಗ್ ಸೆನ್ಸರ್. ಯಾವ ಮೆಕ್ಯಾನಿಕ್ಕೂ ಇದನ್ನು ಪೂರ್ತಿ ಸರಿಮಾಡಿದೆ ಎಂದು ಹೇಳಲಾರ. ಹುಡುಕಬೇಕಾದ್ದು ತೊಳೆಯಲು ಕೈ ಹೋಗದ ಜಾಗಗಳಲ್ಲಿ. ಮುಂದಿನ ಸೀಟ್‌ಬೆಲ್ಟನ್ನು ಕೊನೆತನಕ ಎಳೆದರೆ ಎಂದೂ ಹೊರಬರದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕಂಬಿಗಳ ಬೋಲ್ಟ್‌ಗಳಲ್ಲಿ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ನುಣುಪಾದ ಒಣ ಮಣ್ಣು, ಹಿಂದಿನ ದೀಪದೊಳಗೆ ನೀರಿನ ಮಟ್ಟದ ಕಲೆ, ಡ್ಯಾಶ್‌ಬೋರ್ಡ್ ಕೆಳಗಿನ ಕಬ್ಬಿಣದ ಪಟ್ಟಿಗಳಲ್ಲಿ ತುಕ್ಕಿನ ಪುಡಿ, ಇವೆಲ್ಲ ಸುಳ್ಳು ಹೇಳುವುದಿಲ್ಲ. ಎಂಟು ವರ್ಷದ ಕಾರಿಗೆ ಹೊಸ ಕಾರ್ಪೆಟ್, ಹೊಸ ಸೀಟ್ ಕವರ್, ಮೂಗಿಗೆ ಹೊಡೆಯುವ ಪರ್‌ಫ್ಯೂಮ್ ಒಟ್ಟಿಗೇ ಇದ್ದರೆ ಕಾರ್ಪೆಟ್ ಎತ್ತಿ ನೋಡುವ ಹಕ್ಕು ನಿಮಗಿದೆ.

ಪ್ರವಾಹವೇ ಬರಬೇಕೆಂದಿಲ್ಲ. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಮೇಲೆ ಉಪ್ಪುಗಾಳಿ. ಬಾಗಿಲಿನ ಕೆಳಗಿನ ನೀರು ಇಳಿಯುವ ತೂತುಗಳನ್ನು ಕೆಮ್ಮಣ್ಣು ಮುಚ್ಚಿದರೆ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಮೇಲೆ ಕಾಣುವ ಹೊತ್ತಿಗೆ ತಗಡು ಅರ್ಧ ತಿಂದುಹೋಗಿರುತ್ತದೆ. ಹಾಗಾಗಿ ಕಾರನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡದೆ ಮುಂಗಡ ಕೊಡಬಾರದು. ಫ್ಲೋರ್, ಅಂಚಿನ ಸಿಲ್, ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ಬೆರಳಲ್ಲಿ ಗಟ್ಟಿಯಾಗಿ ಒತ್ತಿ ನೋಡಿ. ಈಚೆಗಷ್ಟೇ ಬಳಿದ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಕೆಳಗೆ ಏನಿದೆ ಎಂದು ಕೇಳಿ.

ಪೆಟ್ಟಿನ ವಿಷಯಕ್ಕೆ ಬಂದರೆ ಜನ ಎರಡು ಅತಿಗಳಲ್ಲಿ ನಿಲ್ಲುತ್ತಾರೆ. ಕೆಲವರು ಬಂಪರಿನ ಗೀರಿಗೂ ಕಾರನ್ನು ಬಿಡುತ್ತಾರೆ, ಕೆಲವರು ‘ಟಿಂಕರಿಂಗ್ ಆಗಿದೆ ಅಷ್ಟೇ’ ಎಂಬ ಮಾತಿಗೆ ತಲೆಯಾಡಿಸುತ್ತಾರೆ. ನೋಡಬೇಕಾದ್ದು ಯಾವ ಭಾಗಕ್ಕೆ ಪೆಟ್ಟಾಗಿದೆ ಎಂಬುದನ್ನು. ಫೆಂಡರ್, ಬಾಗಿಲು, ಬಂಪರ್, ಬಾನೆಟ್ ಎಲ್ಲವೂ ಬೋಲ್ಟ್ ಬಿಚ್ಚಿ ಬದಲಿಸುವ ಭಾಗಗಳು, ಅವುಗಳ ಪೇಂಟ್ ಬೇರೆಯಾದರೂ ಚಿಂತೆಯಿಲ್ಲ. ಆದರೆ ನಮ್ಮ ಸಣ್ಣ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಎಂಜಿನ್ ಎರಡೂ ಬದಿಯ ಏಪ್ರನ್, ಮುಂದೆ ಚಾಚಿದ ಉದ್ದ ತೋಳುಗಳು, ಬಾಗಿಲ ಪಕ್ಕದ ಪಿಲ್ಲರ್‌ಗಳು ಅಪಘಾತದ ಹೊಡೆತವನ್ನು ಹೀರಲು ಇಲ್ಲವೇ ತಡೆಯಲೆಂದೇ ಲೆಕ್ಕಹಾಕಿ ಮಾಡಿದವು. ಸುತ್ತಿಗೆಯಿಂದ ತಟ್ಟಿ ಬೆಸೆದ ಮೇಲೆ ಆ ಲೆಕ್ಕ ಉಳಿಯುವುದಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪ್ರಕಟಿಸಿದ ಮೊದಲ ಅಪಘಾತ ಪರೀಕ್ಷೆಗಳಲ್ಲಿ ಭಾರತದಲ್ಲಿ ಮಾರುತ್ತಿದ್ದ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳು ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್ ಪಡೆದವು. ಹೊಸದಾಗಿದ್ದಾಗಲೇ ಇಷ್ಟಿದ್ದ ರಕ್ಷಣೆ ಒಮ್ಮೆ ಬಾಗಿ ನೆಟ್ಟಗಾದ ತಗಡಿನಿಂದ ಎಷ್ಟು ಸಿಕ್ಕೀತು? ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳು ದುಂಡಗೆ, ಒಂದೇ ಅಂತರದಲ್ಲಿರುತ್ತವೆ. ಕೈ ವೆಲ್ಡಿಂಗ್ ಉಬ್ಬುತಗ್ಗಾಗಿರುತ್ತದೆ. ಬಾಗಿಲು, ಬಾನೆಟ್ ಅಂಚಿನ ಸೀಲೆಂಟ್ ಗೆರೆ ಒಂದು ಬದಿಯಲ್ಲಿದ್ದು ಇನ್ನೊಂದು ಬದಿಯಲ್ಲಿ ಇಲ್ಲದಿದ್ದರೆ, ಗಾಜುಗಳ ಮೇಲಿನ ತಯಾರಿಕೆಯ ವರ್ಷ ಒಂದಕ್ಕೊಂದು ತಾಳೆಯಾಗದಿದ್ದರೆ ಕಾರಣ ಬೇಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಉರಿಯುತ್ತಲೇ ಇದ್ದರೆ ದೋಷವಿದೆ, ಉರಿಯದೇ ಇದ್ದರೆ ದೋಷ ಮುಚ್ಚಿಡಲು ಯಾರೋ ದೀಪವನ್ನೇ ತೆಗೆದಿರಬಹುದು, ಅದು ಇನ್ನೂ ಅಪಾಯ.

ಇನ್ನು ಬೆಲೆ ಇಳಿಸಿ ಕೇಳಬಹುದಾದ ದೋಷಗಳು. ಇವುಗಳ ಪಟ್ಟಿ ದೊಡ್ಡದು, ಭಯ ಕಡಿಮೆ. ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಎಲ್ಲ ಸವೆಯಲಿಕ್ಕೇ ಇರುವ ಭಾಗಗಳು. ಹಂಪ್ ಇಳಿಸುವಾಗ ಕಟಕಟ ಸದ್ದು, ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆದಾಗ ಟಕಟಕ ಎನ್ನುವ ಆಕ್ಸಲ್ ಜಾಯಿಂಟ್, ವೇಗದ ಜೊತೆ ಏರುವ ವೀಲ್ ಬೇರಿಂಗ್ ಗುಂಯ್‌ಗುಡುವಿಕೆ, ಎಲ್ಲವನ್ನೂ ಬರೆದುಕೊಂಡು ಗ್ಯಾರೇಜಿನಲ್ಲಿ ಅಂದಾಜು ಕೇಳಿ ಬೆಲೆಯಲ್ಲಿ ಕಳೆಯಿರಿ. ಕ್ಲಚ್‌ಗೆ ಮಾತ್ರ ಸ್ವಲ್ಪ ಹೆಚ್ಚು ಗಮನ ಬೇಕು. ಪೆಡಲ್ ಬಹಳ ಮೇಲೆ ಬಂದ ಮೇಲಷ್ಟೇ ಕಾರು ಹಿಡಿದರೆ, ಏರಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿದಾಗ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಸೆಟ್ ಮುಗಿದಿದೆ. 2014ರಲ್ಲಿ ಸೆಲೆರಿಯೊದೊಂದಿಗೆ ಬಂದ ಎಎಂಟಿ ಕಾರುಗಳಲ್ಲಿಯೂ ಒಳಗಿರುವುದು ಅದೇ ಕ್ಲಚ್ ಪ್ಲೇಟ್, ಅದನ್ನು ಕಾಲಿನ ಬದಲು ಒಂದು ಆಕ್ಚುಯೇಟರ್ ಒತ್ತುತ್ತದೆ ಅಷ್ಟೆ. ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಹೊರಡಿಸಿದಾಗ ಕಾರು ನಡುಗಿದರೆ ಆಕ್ಚುಯೇಟರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮುಂದಿನ ಎಡಸೀಟಿನ ಕಾಲಿನ ಜಾಗದಲ್ಲಿ ತೂತು, ಬೋಲ್ಟ್ ಗುರುತು ಕಂಡರೆ ಅದು ಡ್ರೈವಿಂಗ್ ಸ್ಕೂಲಿನ ಎರಡನೇ ಪೆಡಲ್ ಇದ್ದ ಜಾಗವಾಗಿರಬಹುದು. ಅಂಥ ಕಾರಿನ ಗೇರ್ ಬಾಕ್ಸ್ ಸಾವಿರಾರು ತಪ್ಪುಗಳನ್ನು ಉಂಡಿರುತ್ತದೆ. ಡಿಕ್ಕಿಯ ನೆಲದಲ್ಲಿ ಮುಚ್ಚಿದ ತೂತುಗಳಿದ್ದರೆ ಹೊರಗಡೆ ಹಾಕಿಸಿದ ಗ್ಯಾಸ್ ಕಿಟ್ ತೆಗೆದಿರುವ ಸಾಧ್ಯತೆಯಿದೆ. ಗ್ಯಾಸಿಗೆಂದು ಮಾಡದ ಎಂಜಿನ್ ವರ್ಷಗಟ್ಟಲೆ ಗ್ಯಾಸಿನಲ್ಲಿ ಓಡಿದರೆ ವಾಲ್ವ್ ಸೀಟ್ ಸವೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ಯಾಕೆ, ನಿಜವಾಗಿಯೂ ಕಡಿಮೆ ಓಡಿದ ಕಾರನ್ನೇ ಹುಡುಕಿದರೆ ಆಯಿತಲ್ಲ? ಹತ್ತು ವರ್ಷದಲ್ಲಿ ಇಪ್ಪತ್ತು ಸಾವಿರ ಓಡಿದ, ನಿವೃತ್ತರ ಮನೆಯ ಕಾರು ಆಕರ್ಷಕವೇ. ಆದರೆ ನಿಂತ ಕಾರಿಗೆ ತನ್ನದೇ ರೋಗಗಳಿವೆ. ರಬ್ಬರ್ ಓಡದಿದ್ದರೂ ಒಣಗುತ್ತದೆ. ಸ್ಯಾಂಟ್ರೊ ಝಿಂಗ್, 800 ಸಿಸಿಯ ಆಲ್ಟೊದಂಥ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಇಲ್ಲ, ಬೆಲ್ಟ್ ಇದೆ. ಅದನ್ನು ಕಿಲೋಮೀಟರಿನಂತೆ ವರ್ಷದ ಲೆಕ್ಕದಲ್ಲೂ ಬದಲಿಸಬೇಕು. ಬೆಲ್ಟ್ ಹರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನಿಗೆ ವಾಲ್ವ್ ಬಡಿದು ಬಾಗುತ್ತದೆ. ಇಲಿ ವೈರ್ ಕಡಿದಿರುವುದು, ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿರುವುದು ನಿಂತ ಕಾರುಗಳಲ್ಲೇ ಹೆಚ್ಚು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಚಾಲನೆ ಪಡೆದ, ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಇದೆ. ಎಥೆನಾಲ್ ತೇವ ಹೀರುವ ವಸ್ತು, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ಫ್ಯೂಯೆಲ್ ಪಂಪಿಗೆ, ಹಳೆಯ ಕಾರಿನ ಹೋಸ್‌ಗಳಿಗೆ ಒಳ್ಳೆಯದಲ್ಲ. ಹೆದ್ದಾರಿಯಲ್ಲಿ ಎಂಬತ್ತು ಸಾವಿರ ಓಡಿ, ಪ್ರತಿ ಹತ್ತು ಸಾವಿರಕ್ಕೆ ಆಯಿಲ್ ಬದಲಾದ ದಾಖಲೆಯಿರುವ ಕಾರು ಹೀಗೆ ನಿಂತ ಕಾರಿಗಿಂತ ಉತ್ತಮ ಎಂದೇ ನನ್ನ ಅಭಿಪ್ರಾಯ. ಕಿಲೋಮೀಟರ್ ಅಂಕಿ ನಿಜವೇ ಎಂದು ನೋಡಲು ಟೈರಿನ ಮೇಲಿನ ನಾಲ್ಕಂಕಿಯ ಗುರುತು ನೆರವಾಗುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. 2016ರ ಕಾರು ಹದಿನೆಂಟು ಸಾವಿರ ಓಡಿದೆ ಎನ್ನುವವರು 2019ರಲ್ಲಿ ನಾಲ್ಕೂ ಟೈರ್ ಬದಲಿಸಿದ್ದು ಯಾಕೆಂದು ಹೇಳಬೇಕಾಗುತ್ತದೆ. ಪೆಡಲ್ ರಬ್ಬರ್, ಸ್ಟೀರಿಂಗ್, ಚಾಲಕನ ಸೀಟಿನ ಬಲ ಅಂಚು ಕೂಡ ಸಾಕ್ಷಿ ಹೇಳುತ್ತವೆ.

ಇನ್ನೊಂದು ಮಾತು: ಕಂಪನಿಯವರೇ ನೂರಾರು ಅಂಶ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತಾರಲ್ಲ ಎಂಬುದು. ಹಾಗೆ ಕೊಳ್ಳುವುದರಲ್ಲಿ ಕಾಗದಪತ್ರಗಳ ನೆಮ್ಮದಿ ಖಂಡಿತ ಇದೆ, 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಡೀಲರುಗಳಿಗೆ ಅಧಿಕೃತ ನೋಂದಣಿ ನಿಯಮವೂ ಬಂದಿದೆ. ಆದರೆ ನೂರಾರು ಅಂಶಗಳ ಪಟ್ಟಿಯಲ್ಲಿ ವೈಪರ್ ರಬ್ಬರಿಗೂ ಹೆಡ್ ಗ್ಯಾಸ್ಕೆಟ್‌ಗೂ ಒಂದೊಂದೇ ಟಿಕ್. ವಾರಂಟಿ ಸಾಮಾನ್ಯವಾಗಿ ಕೆಲವು ತಿಂಗಳು, ಕೆಲವು ಭಾಗಗಳಿಗೆ ಮಾತ್ರ. ಅದು ನಿಮ್ಮ ತಪಾಸಣೆಗೆ ಬದಲಿಯಲ್ಲ, ಜೊತೆಗಿರಲಿ. ಪರಿಚಯದ ಮೆಕ್ಯಾನಿಕ್ಕನ್ನು ಕರೆದೊಯ್ಯುವುದು ಇನ್ನೂ ಒಳ್ಳೆಯದು, ಆದರೆ ರಸ್ತೆಬದಿಯಲ್ಲಿ ಕಾದ ಎಂಜಿನ್ ಮುಂದೆ ಐದು ನಿಮಿಷ ನಿಲ್ಲಿಸಿದರೆ ಎಂಥ ಪರಿಣತನೂ ಅರ್ಧವೇ ಹೇಳಬಲ್ಲ. ಅವರಿಗೆ ತಣ್ಣಗಿನ ಎಂಜಿನ್, ಲಿಫ್ಟ್, ಒಂದು ಸ್ಕ್ಯಾನರ್ ಕೊಡಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದಾಗ ಎರರ್ ಕೋಡ್ ಒಂದೂ ಇಲ್ಲವೆಂದರೆ ಸಾಲದು. ಕಾರು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳು ‘ಪೂರ್ಣವಾಗಿಲ್ಲ’ ಎಂದು ತೋರಿಸುತ್ತಿದ್ದರೆ, ಈಚೆಗೆ ಬ್ಯಾಟರಿ ಕಳಚಿಲ್ಲವಾದರೆ, ಕೋಡ್‌ಗಳನ್ನು ಈಗಷ್ಟೇ ಅಳಿಸಿದ್ದಾರೆಂದು ಸಂಶಯಪಡಬಹುದು.

‘ಸಣ್ಣ ಕಾರು ತಾನೆ, ಪಾರ್ಟ್ಸ್ ಅಗ್ಗ, ಏನಾದರೂ ಆದರೆ ಮಾಡಿಸಿದರಾಯಿತು’ ಎನ್ನುವವರಿದ್ದಾರೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರ್ ಕಾಲಕ್ಕೆ ಈ ಮಾತು ಸರಿಯಿತ್ತು. ಊರ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಬೋರ್ ಮಾಡಿಸಿ ಕೂರಿಸುತ್ತಿದ್ದರು. 2019ರಿಂದ ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು, 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಜಾರಿಗೆ ಬಂತು. ಸಣ್ಣ ಕಾರಿನಲ್ಲೂ ಈಗ ವಿದ್ಯುತ್ ಸ್ಟೀರಿಂಗ್, ಎಬಿಎಸ್ ಮಾಡ್ಯೂಲ್, ಏರ್‌ಬ್ಯಾಗ್ ಕಂಟ್ರೋಲರ್, ಕ್ಯಾಟಲಿಟಿಕ್ ಕನ್ವರ್ಟರ್ ಇವೆ. ಇವು ರಿಪೇರಿಯಾಗುವುದಕ್ಕಿಂತ ಬದಲಾಗುವುದೇ ಹೆಚ್ಚು. ಭಾರತದಲ್ಲಿ ಮಾರಾಟ ನಿಲ್ಲಿಸಿದ ಷೆವರ್ಲೆ, ಫೋರ್ಡ್, ಡಾಟ್ಸನ್ ಕಾರುಗಳು ಅಗ್ಗಕ್ಕೆ ಸಿಗುತ್ತವೆ, ಓಡಿಸಲು ಚೆನ್ನಾಗಿಯೂ ಇವೆ. ಅವನ್ನು ಕೊಳ್ಳುವ ಮುನ್ನ ನಿಮ್ಮೂರಿನಲ್ಲಿ ಅವುಗಳ ಕೆಲಸ ಬಲ್ಲ ಗ್ಯಾರೇಜು ಯಾವುದು, ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕು ಎಂದು ಮೊದಲೇ ವಿಚಾರಿಸಬೇಕು. ಹದಿನೈದು ವರ್ಷದ ಅಂಚಿನಲ್ಲಿರುವ ಕಾರಾದರೆ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕ, ಅದರ ಜೊತೆ ಹಸಿರು ತೆರಿಗೆ. ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಶುಲ್ಕ ಕಟ್ಟಿಯೂ ಪ್ರಯೋಜನವಿಲ್ಲ.

ಮಾರುವವರು ಇಷ್ಟಕ್ಕೆಲ್ಲ ಒಪ್ಪುತ್ತಾರೆಯೇ ಎಂಬ ಅನುಮಾನ ಸಹಜ. ತಣ್ಣಗಿನ ಸ್ಟಾರ್ಟ್, ಅರ್ಧ ಗಂಟೆಯ ಓಟ, ಲಿಫ್ಟ್ ಮೇಲೆ ಒಂದು ನೋಟ, ಇವು ಬೆಳಿಗ್ಗೆ ಎರಡು ತಾಸಿನೊಳಗೆ ಮುಗಿಯುತ್ತವೆ. ಕಾರನ್ನು ಚೆನ್ನಾಗಿ ನೋಡಿಕೊಂಡವರು ಸರ್ವಿಸ್ ಬಿಲ್‌ಗಳ ಕಟ್ಟನ್ನು ತಾವೇ ಮುಂದಿಡುತ್ತಾರೆ, ಅಂಥವರ ಕಾರಿಗೆ ಮಾರುಕಟ್ಟೆಗಿಂತ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ‘ಇನ್ನೊಬ್ಬರು ಸಂಜೆಯೇ ದುಡ್ಡು ತರುತ್ತಿದ್ದಾರೆ’ ಎಂದು ಅವಸರ ಮಾಡಿದರೆ ಆ ಇನ್ನೊಬ್ಬರಿಗೇ ಕೊಡಲಿ, ಆಲ್ಟೊ, ವ್ಯಾಗನ್‌ಆರ್, ಐ10ಗಳಿಗೆ ನಮ್ಮ ಮಾರುಕಟ್ಟೆಯಲ್ಲಿ ಬರವಿಲ್ಲ. ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ, ಬೆಲ್ಟ್ ಇರುವ ಎಂಜಿನ್ ಆಗಿದ್ದು ಬದಲಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ಬೆಲ್ಟನ್ನೂ ಬದಲಿಸಿ. ಹೋದ ತಿಂಗಳಷ್ಟೇ ಮಾಡಿಸಿದ್ದೇನೆ ಎಂಬ ಮಾತನ್ನು ನಂಬಿ ಈ ಖರ್ಚು ಉಳಿಸಬೇಡಿ, ಅದನ್ನು ಕಾರಿನ ಬೆಲೆಯೊಳಗೇ ಮೊದಲೇ ಸೇರಿಸಿ ಚೌಕಾಸಿಗೆ ಕೂರಿ.